ತಮ್ಮನ ಫಿಟ್ಸ್‌ಗೆ ವಿಎನ್‌ಎಸ್ ಮೆಷಿನ್ ಹಾಕ್ಸಿ ಅಂತಿದಾರೆ, ಹಾಕಿಸ್ಕೊಂಡವ್ರು ಯಾರಾದ್ರೂ ಇದೀರಾ?

ಶಿವಮೊಗ್ಗ ಅಕ್ಕ
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ ಬೇಜಾರ್ ಮಾಡ್ಕೋಬೇಡಿ. ನನ್ನ ತಮ್ಮನಿಗೆ 24 ವರ್ಷ, ಹೈಸ್ಕೂಲಲ್ಲಿದ್ದಾಗಿಂದ ಫಿಟ್ಸ್ ಇದೆ. ಮೊದ್ಲು ವಾಲ್ಪ್ರೊಯೇಟ್ ಕೊಟ್ರು, ಆಮೇಲೆ ಅದು ಬಿಡಿಸಿ ಲೆವೆಟಿರಾಸಿಟಮ್, ಜೊತೆಗೆ ಕಾರ್ಬಮಜೆಪೈನ್, ಈಗ ರಾತ್ರಿ ಕ್ಲೋಬಜಾಮ್ ಬೇರೆ. ಇಷ್ಟೆಲ್ಲ ನುಂಗಿದ್ರೂ ವಾರಕ್ಕೊಂದಾದ್ರೂ ಬರತ್ತೆ. ಜಾಸ್ತಿ ಬರೋದು ಏನಂದ್ರೆ ಮಾತಾಡ್ತಾ ಮಾತಾಡ್ತಾ ಸುಮ್ನಾಗಿಬಿಡ್ತಾನೆ, ಬಾಯಿ ಚಪ್ಪರಿಸ್ತಾನೆ, ಅಂಗಿ ಗುಂಡಿ ಹಿಡ್ಕೊಂಡು ತಿರುಗಿಸ್ತಾ ಇರ್ತಾನೆ, ಕರೆದ್ರೆ ಓಗೊಡಲ್ಲ, ಒಂದೆರಡು ನಿಮಿಷ ಆದ್ಮೇಲೆ ಏನಾಯ್ತು ಅಂತ ಅವನಿಗೇ ಗೊತ್ತಿರಲ್ಲ. ಅಪರೂಪಕ್ಕೆ ನಿದ್ದೇಲಿ ಇಡೀ ಮೈ ಜರ್ಕ್ ಹೊಡೆಯೋದೂ ಇದೆ.

ಈಗ ತೋರಿಸ್ತಾ ಇರೋ ಪ್ರೈವೇಟ್ ಡಾಕ್ಟ್ರು ವಿಎನ್‌ಎಸ್ ಅಂತ, ಕುತ್ತಿಗೆಯ ನರಕ್ಕೆ ಕರೆಂಟ್ ಕೊಡೋ ಒಂದು ಮೆಷಿನ್ ಎದೇಲಿ ಇಡ್ಸಿ ಅಂತಾರೆ. ಹಲವು ಲಕ್ಷದ ಮಾತು. ಅಮ್ಮ ಬೇಡವೇ ಬೇಡ ಅಂತಿದಾರೆ, ಮಾವ ಅಂತೂ ಮೈಯೊಳಗೆ ಕರೆಂಟ್ ಇಟ್ಕೊಂಡು ಯಾರಾದ್ರೂ ಬದುಕ್ತಾರಾ ಅಂತ ಕೇಳ್ತಾರೆ. ಇದ್ರಿಂದ ವಾಸಿ ಆಗತ್ತಾ? ಮಾತ್ರೆ ನಿಲ್ಲತ್ತಾ? ಮೊಬೈಲು, ಮಿಕ್ಸಿ ಹತ್ರ ಹೋಗಬಹುದಾ? ಮುಂದೆ ಮದುವೆಗೆ ತೊಂದ್ರೆ ಆಗತ್ತಾ? ಗೂಗಲ್ ನೋಡಿ ನೋಡಿ ತಲೆ ಕೆಟ್ಟಿದೆ, ಅನುಭವ ಇರೋರು ಹೇಳಿ.

ಧಾರವಾಡ ಟೀಚರ್
ನಮಸ್ಕಾರ್ರಿ ಅಕ್ಕಾರ. ನನಗ ವಿಎನ್‌ಎಸ್ ಹಾಕಿ ವರ್ಷಗಟ್ಟಲೆ ಆತು, ಆರಾಮ ಸಾಲಿಗೆ ಹೋಗಿ ಬರತೇನಿ, ಹಿಂಗಾಗಿ ನಿಮ್ಮ ಮಾವಗ ಹೇಳ್ರಿ, ಮೈಯಾಗ ಕರೆಂಟ್ ಇಟ್ಕೊಂಡು ಬದುಕೋರು ಅದಾರಂತ 🙂

ಮೊದಲ ಸೀದಾ ಮಾತು ಹೇಳ್ತೇನಿ. ವಾಸಿ ಆಗೂದಿಲ್ರಿ. ಕಡಿಮಿ ಆಗತೈತಿ, ಅದೂ ಎಲ್ಲಾರಿಗೂ ಅಲ್ಲ. ನನಗ ಹಾಕೂ ಮುಂಚೆ ಡಾಕ್ಟರ್ ಹೇಳಿದ್ದು, ಹಾಕಿಸ್ಕೊಂಡವರೊಳಗ ಹೆಚ್ಚುಕಡಿಮಿ ಅರ್ಧ ಮಂದಿಗೆ ಫಿಟ್ಸ್ ಅರ್ಧಕ್ಕ ಇಳೀತಾವ, ಪೂರ್ತಿ ನಿಲ್ಲೂದು ಭಾಳ ಕಡಿಮಿ ಮಂದಿಗೆ, ನೂರಕ್ಕ ಹತ್ತರೊಳಗ ಅಂತ. ಆಮ್ಯಾಲ ಅದೂ ಲಗೂನ ಆಗೂದಿಲ್ಲ. ಇವತ್ತ ಹಾಕಿದ್ರ ನಾಳಿಂದ ಫರಕ್ ಕಾಣತೈತಿ ಅನ್ಕೊಂಡ್ರ ನಿರಾಶಾ ಆಗತೈತ್ರಿ. ನನಗ ಮೊದಲಿನ ಆರು ತಿಂಗಳು ಏನೂ ಗೊತ್ತ ಆಗ್ಲಿಲ್ಲ, ಮನಿಯಾಗ ರೊಕ್ಕಾ ನೀರಾಗ ಹೋಮ ಆತು ಅಂತ ಮಾತಾಡಾಕತ್ತಿದ್ರು, ಎರಡನೇ ವರ್ಷದಾಗ ಖರೇನ ಇಳೀತು.

ಹೆಂಗ ಇರತೈತಿ ಅಂದ್ರ, ಎಡಗಡೆ ಎದಿಮ್ಯಾಲ ಚರ್ಮದ ಕೆಳಗ ಒಂದು ಚಪ್ಪಟಿ ಬ್ಯಾಟರಿ ಡಬ್ಬಿ, ಅದರಿಂದ ಒಂದು ವಾಯರ್ ಚರ್ಮದ ಒಳಗಿಂದನ ಕುತಿಗಿಗೆ ಹೋಗಿ ಎಡಗಡೆ ವೇಗಸ್ ನರಕ್ಕ (ಮಿದುಳಿನಿಂದ ಕುತಿಗಿಯಾಗ ಹಾದು ಎದಿ, ಹೊಟ್ಟಿಗೆ ಇಳಿಯೂ ನರ) ಸುತ್ತಿರತೈತಿ. ತಲಿ ಬುರುಡಿ ತಗಿಯೂದಿಲ್ರಿ, ಮಿದುಳು ಮುಟ್ಟೂದಿಲ್ಲ. ಅಮ್ಮಾರಿಗೆ ಇದೊಂದು ತಿಳಿಸಿ ಹೇಳ್ರಿ, ಅರ್ಧ ಹೆದರಿಕಿ ಅಲ್ಲೇ ಹೋಗತೈತಿ. ಎರಡು ಸಣ್ಣ ಗಾಯ, ಒಂದು ಕುತಿಗಿಗೆ ಒಂದು ಎದಿಗೆ. ಸೀರಿ ಉಟ್ರ ಎದಿದು ಕಾಣೂದ ಇಲ್ಲ.

ಆಪರೇಷನ್ ಆಗಿ ಒಂದೆರಡು ವಾರಕ್ಕ ಆನ್ ಮಾಡ್ತಾರ. 0.25 ಮಿಲಿಆಂಪ್‌ದಿಂದ ಸುರು ಮಾಡಿ, ಹೋದಾಗೊಮ್ಮೆ ಚೂರ್ ಚೂರ್ ಏರಸ್ತಾರ, ಡಾಕ್ಟರ್ ಎದಿಮ್ಯಾಲ ಒಂದು ರಿಮೋಟಿನಂಥಾದ್ದು ಹಿಡಿದು ಟ್ಯಾಬ್‌ನ್ಯಾಗ ಸೆಟ್ ಮಾಡ್ತಾರ, ನೋವಿಲ್ಲ ಏನಿಲ್ಲ. ಸಾಮಾನ್ಯ ಸೆಟ್ಟಿಂಗ್ ಅಂದ್ರ 30 ಸೆಕೆಂಡ್ ಆನ್, 5 ನಿಮಿಷ ಆಫ್, ಹಗಲು ರಾತ್ರಿ ಹಿಂಗ ನಡದಿರತೈತಿ. ಆನ್ ಆದಾಗ ಗಂಟಲು ಚೂರು ಬಿಗಿದಂಗ, ಧ್ವನಿ ಗೊಗ್ಗರ. ಪಾಠ ಮಾಡೂ ಮುಂದ ನಡುವ ಧ್ವನಿ ಒಡೀತೈತಿ, ಹುಡುಗ್ರು ಮೊದಲ ನಗತಿದ್ರು, ಈಗ ರೂಢಿ ಆಗೇತಿ, "ಟೀಚರ್ ಮಶೀನ್ ಚಾಲೂ ಆತು" ಅಂತ ಅವ್ರ ಹೇಳ್ತಾರ. ಮ್ಯಾಲ ಏರೂ ಮುಂದ ಮೆಟ್ಟಿಲ ಮ್ಯಾಲ ದಮ್ಮ ಹತ್ತತೈತಿ ಒಮ್ಮೊಮ್ಮೆ. ಮಾತ್ರಿ ನಿಂತಿಲ್ರಿ, ಒಂದು ಕಡಿಮಿ ಮಾಡ್ಯಾರ ಅಷ್ಟ.

ಕುಡ್ಲದ ಇಇಜಿ
ಟೀಚರ್ ಹೇಳಿದ್ದು ಎಲ್ಲ ಸರಿ ಉಂಟು. ಆದ್ರೆ ಅಕ್ಕಾ, ನಂಗೆ ಒಂದು ಸಂಶಯ. ನಾನು ಇಇಜಿ (ಮಿದುಳಿನ ಅಲೆಯ ದಾಖಲೆ) ತೆಗೆಯುವ ಟೆಕ್ನಿಷಿಯನ್, ಡಾಕ್ಟ್ರಲ್ಲ, ಹಾಗಾಗಿ ಇದನ್ನು ಡಯಾಗ್ನೋಸಿಸ್ ಅಂತ ತಗೊಳ್ಬೇಡಿ. ಮಾತಾಡ್ತಾ ಸುಮ್ಮನಾಗುದು, ಬಾಯಿ ಚಪ್ಪರಿಸುದು, ಗುಂಡಿ ತಿರುಗಿಸುದು, ಇದೆಲ್ಲ ಕೇಳಿದ್ರೆ ನಮ್ಮ ಲ್ಯಾಬಿನಲ್ಲಿ ಯಾರಿಗಾದ್ರೂ ಫಸ್ಟ್ ನೆನಪಾಗುದು ಟೆಂಪೊರಲ್ ಲೋಬ್, ಅಂದ್ರೆ ಕಿವಿಯ ಹತ್ತಿರ ಇರುವ ಮಿದುಳಿನ ಭಾಗದಿಂದ ಶುರುವಾಗುವ ಫಿಟ್ಸ್. ಅದು ಹೌದಾದ್ರೆ ಮೆಷಿನಿಗಿಂತ ಮೊದಲು ಕೇಳ್ಬೇಕಾದ ಪ್ರಶ್ನೆ ಬೇರೆ ಉಂಟು: ಆಪರೇಷನ್ ಮಾಡಿ ಆ ಜಾಗವನ್ನೇ ತೆಗೀಲಿಕ್ಕೆ ಆಗ್ತದಾ?

ಎರಡು ಸರಿಯಾದ ಮಾತ್ರೆ ಸರಿಯಾದ ಡೋಸಲ್ಲಿ ಕೊಟ್ಟೂ ನಿಲ್ಲದಿದ್ರೆ ಅದಕ್ಕೆ ಡ್ರಗ್ ರೆಸಿಸ್ಟೆಂಟ್ ಅಂತ ಹೇಳುದು, 2010ರಲ್ಲಿ ಫಿಟ್ಸ್ ಡಾಕ್ಟ್ರುಗಳ ಅಂತರರಾಷ್ಟ್ರೀಯ ಸಂಘದವ್ರು ಮಾಡಿದ ವ್ಯಾಖ್ಯೆ. ಯಾಕೆ ಎರಡು ಅಂದ್ರೆ ಗ್ಲಾಸ್ಗೊದಲ್ಲಿ ಮಾಡಿದ ಒಂದು ದೊಡ್ಡ ಅಧ್ಯಯನ ಉಂಟು, 2000ರಲ್ಲಿ ಬಂದದ್ದು, ಹೊಸ ಪೇಷಂಟುಗಳಲ್ಲಿ ಮೊದಲ ಮಾತ್ರೆಗೆ 47% ಜನಕ್ಕೆ ಫಿಟ್ಸ್ ನಿಂತಿತು, ಎರಡನೇದಕ್ಕೆ ಮತ್ತೆ 13%, ಮೂರನೇ ಮಾತ್ರೆಗೆ ಬರೀ 1%. ಹಾಗಾಗಿ ನಾಲ್ಕನೇದು ಐದನೇದು ಅಂತ ಬದಲಾಯಿಸ್ತಾ ಕೂತ್ರೆ ವರ್ಷ ಹೋಗುದೇ ಬಂತು. ಮತ್ತೆ ಕೆನಡಾದಲ್ಲಿ ಟೆಂಪೊರಲ್ ಲೋಬಿನವ್ರು 80 ಜನರನ್ನು ಎರಡು ಪಾಲು ಮಾಡಿ ನೋಡಿದ್ದು, 2001ರದ್ದು, ಒಂದು ವರ್ಷ ಆದ ಮೇಲೆ ಪ್ರಜ್ಞೆ ತಪ್ಪುವ ಫಿಟ್ಸ್ ಇಲ್ಲದವ್ರು ಆಪರೇಷನ್ ಪಾಲಿನಲ್ಲಿ 58%, ಮಾತ್ರೆ ಮಾತ್ರ ತಗೊಂಡವ್ರಲ್ಲಿ 8%. ವಿಎನ್‌ಎಸ್‌ನಲ್ಲಿ ಪೂರ್ತಿ ನಿಲ್ಲುದು ಎಷ್ಟು ಅಂತ ಟೀಚರ್ ಹೇಳಿದ್ರಲ್ವಾ, ಎರಡನ್ನೂ ಹತ್ತಿರ ಇಟ್ಟು ನೋಡಿ.

ವಿಡಿಯೋ ಇಇಜಿ ಆಗಿದೆಯಾ? ಅಂದ್ರೆ ಅಡ್ಮಿಟ್ ಮಾಡಿ, ಕ್ಯಾಮರಾ ಮತ್ತು ಇಇಜಿ ಒಟ್ಟಿಗೆ ಹಾಕಿ, ಫಿಟ್ಸ್ ಬರುದನ್ನೇ ಹಿಡಿಯುದು. ಅರ್ಧ ಗಂಟೆಯ ಮಾಮೂಲಿ ಇಇಜಿ ಅಲ್ಲ. ಎಂಆರ್‌ಐ ಎಪಿಲೆಪ್ಸಿ ಪ್ರೊಟೊಕಾಲಲ್ಲಿ ಆಗಿದೆಯಾ? ಮಾಮೂಲಿ ಎಂಆರ್‌ಐಯಲ್ಲಿ ನಾರ್ಮಲ್ ಅಂತ ಬಂದದ್ದು, ತೆಳು ಸ್ಲೈಸ್ ತೆಗೆದು ಹಿಪ್ಪೊಕ್ಯಾಂಪಸ್ (ಟೆಂಪೊರಲ್ ಲೋಬಿನ ಒಳಗಿನ ನೆನಪಿನ ಭಾಗ) ನೋಡಿದಾಗ ಕಲೆ ಸಿಕ್ಕಿದ್ದು ಉಂಟು. ಮತ್ತೆ ಒಂದು ಮುಖ್ಯ, ಮೆಷಿನ್ ಹಾಕಿದ ಮೇಲೆ ಎಂಆರ್‌ಐ ಮಾಡುದು ತಲೆಬಿಸಿ, ಆಫ್ ಮಾಡ್ಬೇಕು, ಯಾವ ಮಾಡೆಲ್ ಅಂತ ನೋಡ್ಬೇಕು, ಎಲ್ಲಾ ಸ್ಕ್ಯಾನರಲ್ಲಿ ಆಗುದಿಲ್ಲ. ಹಾಗಾಗಿ ತನಿಖೆ ಎಲ್ಲ ಮೊದಲೇ ಮುಗಿಸ್ಬೇಕು. ಬೆಂಗಳೂರಲ್ಲಿ ನಿಮ್ಹಾನ್ಸ್ ಉಂಟು, ತಿರುವನಂತಪುರದಲ್ಲಿ ಶ್ರೀಚಿತ್ರಾ ಆಸ್ಪತ್ರೆ ಉಂಟು, ನಮ್ಮ ಕಡೆಯವ್ರು ಎಷ್ಟೋ ಜನ ಶ್ರೀಚಿತ್ರಾಕ್ಕೆ ಹೋಗುದು.

ನಿಸರ್ಗ ಮನೆಮದ್ದು
ಇದೆಲ್ಲ ಕಂಪನಿಗಳ ದಂಧೆ. ನಮ್ಮ ಊರ ಹತ್ರ ಒಬ್ರು ಮೂಗಿಗೆ ಹಸಿರೌಷಧಿ ಬಿಡ್ತಾರೆ, ಮೂರು ಅಮಾವಾಸ್ಯೆ ಸಾಕು, ಇಂಗ್ಲಿಷ್ ಮಾತ್ರೆ ಎಲ್ಲ ಬಂದ್ ಮಾಡಿ ಹೋಗ್ಬೇಕು ಅಷ್ಟೇ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡಿ.

ಕುಡ್ಲದ ಇಇಜಿ
ಮಾರಾಯ್ರೆ, ಮಾತ್ರೆ ಒಮ್ಮೆಲೇ ನಿಲ್ಸಿ ಸ್ಟೇಟಸ್ ಎಪಿಲೆಪ್ಟಿಕಸ್ ಆಗಿ, ಅಂದ್ರೆ ಫಿಟ್ಸ್ ನಿಲ್ಲದೇ ಒಂದರ ಮೇಲೊಂದು ಬಂದು, ಐಸಿಯುಗೆ ಬರುವವ್ರನ್ನು ನಾವು ನೋಡುದು. ದಯವಿಟ್ಟು ಇದನ್ನು ಇಲ್ಲಿ ಬರೀಬೇಡಿ. ಕಬ್ಬಿಣ ಕೊಟ್ರೂ ಕೊಡದಿದ್ರೂ ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತನ್ನಷ್ಟಕ್ಕೆ ನಿಲ್ತದೆ, ಹೆಸರು ಮಾತ್ರ ಕಬ್ಬಿಣಕ್ಕೆ. ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ತುರುಕಬೇಡಿ, ವಾಚ್ ನೋಡಿ, 5 ನಿಮಿಷ ದಾಟಿದ್ರೆ ಆಸ್ಪತ್ರೆಗೆ.

ಎಲ್‌ಜಿಎಸ್ ಅಪ್ಪ, ಬೆಂಗಳೂರು
ಇನ್ನೊಂದು ಕಡೆಯ ಕಥೆನೂ ಇರ್ಲಿ ಅಂತ ಬರೀತಿದೀನಿ. ಮಗಳಿಗೆ ಲೆನಾಕ್ಸ್ ಗ್ಯಾಸ್ಟಾ ಸಿಂಡ್ರೋಮ್ (ಎಲ್‌ಜಿಎಸ್), ಮಕ್ಕಳಲ್ಲಿ ಶುರುವಾಗೋ ಕಠಿಣ ಥರದ ಫಿಟ್ಸ್. ನಿಂತಲ್ಲೇ ಮರ ಕಡಿದ ಹಾಗೆ ಬೀಳ್ತಾಳೆ, ಮನೆಯೊಳಗೂ ಹೆಲ್ಮೆಟ್. ಅವಳ ಫಿಟ್ಸ್ ಒಂದೇ ಜಾಗದಿಂದ ಬರಲ್ಲ, ಹಾಗಾಗಿ ಕುಡ್ಲದವ್ರು ಹೇಳಿದ ಆಪರೇಷನ್ ನಮಗೆ ಆಗ್ತಿರ್ಲಿಲ್ಲ. ಕೀಟೋ ಡಯಟ್ ಮಾಡಿದ್ವಿ, ಅನ್ನ ಇಲ್ಲ, ಬರೀ ತುಪ್ಪ, ಕೊಬ್ಬರಿ ಎಣ್ಣೆ, ಪನೀರು, ಗ್ರಾಂ ಲೆಕ್ಕದಲ್ಲಿ ತೂಗಿ ತೂಗಿ. ಅಜ್ಜಿ ಕದ್ದು ಒಂದು ಬಿಸ್ಕೆಟ್ ಕೊಟ್ರೆ ಮುಗೀತು ಕಥೆ. ಸ್ವಲ್ಪ ಕೆಲಸ ಮಾಡ್ತು, ಆಮೇಲೆ ಅವಳೇ ಊಟ ಮುಟ್ಟದ ಹಾಗಾದ್ಲು, ಬಿಟ್ವಿ.

ವಿಎನ್‌ಎಸ್ ಹಾಕಿಸಿದ್ವಿ. ಫಿಟ್ಸ್ ಲೆಕ್ಕ ಹಾಕಿದ್ರೆ, ಪ್ರಾಮಾಣಿಕವಾಗಿ ಹೇಳ್ತೀನಿ, ದೊಡ್ಡ ಇಳಿಕೆ ಏನಿಲ್ಲ. ಡೈರಿ ಇದೆ ನನ್ನ ಹತ್ರ. ಬೀಳೋದು ಸ್ವಲ್ಪ ಕಡಿಮೆ, ಉಳಿದವು ಹಾಗೇ ಇವೆ. ಆದ್ರೆ ಎರಡು ಬದಲಾವಣೆ ಕಂಡಿದ್ದು ನಿಜ. ಮೊದ್ಲು ಒಂದು ದೊಡ್ಡ ಫಿಟ್ಸ್ ಬಂದ್ರೆ ಇಡೀ ದಿನ ಮಂಪರು, ಈಗ ಬೇಗ ಎದ್ದು ಕೂರ್ತಾಳೆ. ಮತ್ತೆ ಕ್ಲಸ್ಟರ್ ಆಗಿ, ಅಂದ್ರೆ ಒಂದರ ಹಿಂದೊಂದು, ಬಂದಾಗ ಮ್ಯಾಗ್ನೆಟ್ ಸವರಿದ್ರೆ ಕೆಲವು ಸಲ ನಿಲ್ಲತ್ತೆ, ಆಸ್ಪತ್ರೆಗೆ ಓಡೋದು ಕಡಿಮೆ ಆಗಿದೆ. ಇದಕ್ಕೆ ಅಷ್ಟು ದುಡ್ಡು ಸರೀನಾ ಅಂತ ಹೆಂಡತಿ ನಾನು ಈಗ್ಲೂ ಜಗಳ ಆಡ್ತೀವಿ, ಅವಳು ಸರಿ ಅಂತಾಳೆ, ನನಗೆ ಅಷ್ಟು ಖಾತ್ರಿ ಇಲ್ಲ. ಇನ್ನೊಂದು ಯಾರೂ ಮೊದಲೇ ಹೇಳಲ್ಲ, ಬ್ಯಾಟರಿ ಶಾಶ್ವತ ಅಲ್ಲ, ಸೆಟ್ಟಿಂಗ್ ಎಷ್ಟು ಜಾಸ್ತಿ ಇಡ್ತಾರೋ ಅಷ್ಟು ಬೇಗ ಖಾಲಿ, ಕೆಲವು ವರ್ಷಕ್ಕೊಮ್ಮೆ ಎದೆ ಭಾಗ ತೆಗೆದು ಹೊಸದು ಹಾಕ್ಬೇಕು, ವೈರ್ ಚೆನ್ನಾಗಿದ್ರೆ ಅದನ್ನ ಮುಟ್ಟಲ್ಲ. ಹಾಗಾಗಿ ಖರ್ಚು ಒಂದೇ ಸಲದ್ದು ಅನ್ಕೋಬೇಡಿ.

ಜರ್ಸಿ ಕನ್ನಡಿಗ
ನಾನು ನ್ಯೂಜರ್ಸಿಯಲ್ಲಿರೋದು, ಮೂಲ ತುಮಕೂರು. ನನಗೆ ವಿಎನ್‌ಎಸ್ ಅಲ್ಲ ಆರ್‌ಎನ್‌ಎಸ್, ಸೋ ಸ್ವಲ್ಪ ಬೇರೆ. ನನ್ನ ಫಿಟ್ಸ್ ಎರಡೂ ಕಡೆ ಟೆಂಪೊರಲ್ ಲೋಬಿಂದ ಬರ್ತಿತ್ತು, ಎರಡೂ ಕಡೆ ತೆಗೆದ್ರೆ ನೆನಪಿನ ಶಕ್ತಿನೇ ಹೋಗತ್ತೆ, ಹಾಗಾಗಿ ಕತ್ತರಿಸೋ ಮಾತೇ ಇರ್ಲಿಲ್ಲ. ಇದ್ರಲ್ಲಿ ಡಬ್ಬಿ ಕೂರೋದು ಎದೇಲಲ್ಲ, ತಲೆಬುರುಡೆ ಮೂಳೆಯಲ್ಲೇ, ವೈರ್‌ಗಳು ಫಿಟ್ಸ್ ಹುಟ್ಟೋ ಜಾಗಕ್ಕೇ ಹೋಗತ್ತೆ. ವಿಎನ್‌ಎಸ್ ಗಡಿಯಾರದ ಪ್ರಕಾರ ಹೊಡೀತಾ ಇರತ್ತೆ, ಇದು ಮಿದುಳಿನ ಅಲೆ ನೋಡ್ತಾ ಕೂತಿದ್ದು ಫಿಟ್ಸ್ ಶುರುವಾಗೋ ಲಕ್ಷಣ ಕಂಡ್ರೆ ಮಾತ್ರ ಹೊಡೆಯತ್ತೆ. ಮನೇಲಿ ತಲೆ ಮೇಲೆ ಒಂದು ವ್ಯಾಂಡ್ ಹಿಡಿದು ಡೇಟಾ ಲ್ಯಾಪ್‌ಟಾಪಿಗೆ ಇಳಿಸಿ ಅಪ್‌ಲೋಡ್ ಮಾಡ್ತೀನಿ, ಡಾಕ್ಟ್ರು ಅಲ್ಲಿಂದಲೇ ನೋಡ್ತಾರೆ. ಇಲ್ಲಿ 2013ರಲ್ಲಿ ಎಫ್‌ಡಿಎ (ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ) ಒಪ್ಪಿದ್ದು, 18 ದಾಟಿದವ್ರಿಗೆ. ಮೂರನೇದು ಡಿಬಿಎಸ್, ಪಾರ್ಕಿನ್ಸನ್‌ಗೆ ಹಾಕೋ ತರದ್ದೇ, ಮಿದುಳಿನ ಆಳದ ಥಲಾಮಸ್ ಭಾಗಕ್ಕೆ ವೈರ್ ಹಾಕ್ತಾರೆ, ಫಿಟ್ಸ್‌ಗೆ ಅಂತ ಇಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ತು.

ಮಾವನವ್ರಿಗೆ ಹೇಳಿ, ವಿಎನ್‌ಎಸ್ ಏನೂ ನಿನ್ನೆ ಮೊನ್ನೆದಲ್ಲ. ಮೊದಲ ಮನುಷ್ಯನಿಗೆ ಹಾಕಿದ್ದು 1988ರಲ್ಲಿ, ನಾರ್ತ್ ಕೆರೊಲಿನಾದಲ್ಲಿ. 1997ರಲ್ಲಿ ಎಫ್‌ಡಿಎ ಒಪ್ಪಿತು, 2017ರಲ್ಲಿ 4 ವರ್ಷದ ಮಕ್ಕಳವರೆಗೂ ಇಳಿಸಿದ್ರು. ಹೊಸ ಮಾಡೆಲ್‌ಗಳಲ್ಲಿ ಇನ್ನೊಂದಿದೆ, ಫಿಟ್ಸ್ ಶುರುವಿನಲ್ಲಿ ಕೆಲವರಿಗೆ ಹಾರ್ಟ್ ರೇಟ್ ದಿಢೀರ್ ಏರತ್ತೆ, ಅದನ್ನ ಪತ್ತೆ ಮಾಡಿ ತಾನೇ ಒಂದು ಎಕ್ಸ್‌ಟ್ರಾ ಡೋಸ್ ಹೊಡೆಯತ್ತೆ. ನಿಮ್ಮ ತಮ್ಮನಿಗೆ ಮುನ್ಸೂಚನೆ ಇಲ್ಲದೆ ಬರತ್ತೆ ಅಂದ್ರೆ ಅದು ಉಪಯೋಗಕ್ಕೆ ಬರಬಹುದು, ಕೇಳಿ ನೋಡಿ.

ಸಕ್ಕರೆನಾಡು
ನಂದು ಬೇರೆ ಥರ ಕಣ್ರಿ, ಬಿಸಿನೀರು ತಲೆ ಮೇಲೆ ಹುಯ್ಕಂಡ್ರೆ ಬರೋದು. ನಮ್ ಮಂಡ್ಯ, ಮೈಸೂರು, ಚಾಮರಾಜನಗರ ಕಡೆ ಇದು ಬೋ ಜನಕ್ಕೆ ಐತೆ ಅಂತ ನಿಮ್ಹಾನ್ಸ್‌ನೋರೇ ಬರ್ದವ್ರೆ. ನಂಗೂ ಮಿಷಿನ್ ಬೇಕಾಗ್ತದಾ?

ಕುಡ್ಲದ ಇಇಜಿ
ಬೇಡ ಬೇಡ 😄 ನಿಮ್ಮದು ತುಂಬಾ ಜನಕ್ಕೆ ನೀರು ಉಗುರು ಬೆಚ್ಚಗೆ ಮಾಡಿದ್ರೆ, ತಲೆ ಮೇಲೆ ದಬದಬ ಹೊಯ್ಯದೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ ಸಾಕಾಗ್ತದೆ, ಕೆಲವರಿಗೆ ತಲೆಗೆ ಸ್ನಾನ ಮಾಡುವ ದಿನ ಮುಂಚೆ ಕ್ಲೋಬಜಾಮ್ ಕೊಡ್ತಾರೆ. ಡಾಕ್ಟ್ರನ್ನು ಕೇಳಿ. ಬಾತ್‌ರೂಮ್ ಚಿಲಕ ಮಾತ್ರ ಹಾಕ್ಬೇಡಿ.

ಶಿವಮೊಗ್ಗ ಅಕ್ಕ
ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಡಿಮೆ. ವಿಡಿಯೋ ಇಇಜಿ ಮಾಡಿಸೇ ಇಲ್ಲ, ಯಾರೂ ಹೇಳ್ಲೂ ಇಲ್ಲ. ಎಂಆರ್‌ಐ ಅವನು ಪಿಯುಸಿಲಿದ್ದಾಗ ಮಾಡಿಸಿದ್ದು, ರಿಪೋರ್ಟಲ್ಲಿ ನಾರ್ಮಲ್ ಅಂತಿದೆ, ಫಿಲ್ಮ್ ಅಟ್ಟದ ಮೇಲಿದೆ, ಸೀಡಿ ಸಿಗ್ತಿಲ್ಲ. ಈ ಡಾಕ್ಟ್ರು ಆಪರೇಷನ್ ಅಂದ್ರೆ ತಲೆ ಓಪನ್ ಮಾಡ್ಬೇಕು ರಿಸ್ಕು ಅಂದ್ರು ಅಷ್ಟೇ. ಟೀಚರ್, ಆ ಮ್ಯಾಗ್ನೆಟ್ ಏನು? ಮತ್ತೆ ಇವ್ನು ಚೆನ್ನಾಗಿ ಹಾಡ್ತಾನೆ, ಗಣಪತಿ ಪೆಂಡಾಲಲ್ಲಿ ಆರ್ಕೆಸ್ಟ್ರಾದವ್ರು ಕರೀತಾರೆ. ಧ್ವನಿ ಹೋದ್ರೆ ಅವನು ಫಿಟ್ಸ್‌ಗಿಂತ ಜಾಸ್ತಿ ಅಳ್ತಾನೆ.

ಧಾರವಾಡ ಟೀಚರ್
ಧ್ವನಿ ಹೋಗೂದಿಲ್ರಿ, ಆನ್ ಇದ್ದಾಗ ಅಷ್ಟ ಒಡೀತೈತಿ. ಮ್ಯಾಗ್ನೆಟ್ ಅಂದ್ರ ಮಶೀನ್ ಜೋಡಿ ಕೊಡ್ತಾರ, ವಾಚಿನಂಗ ಕೈಗೆ ಕಟ್ಕೊಬಹುದು ಇಲ್ಲಾ ಸೊಂಟಕ್ಕ. ಎರಡು ಕೆಲಸ ಅದಾವ ಅದಕ್ಕ. ಫಿಟ್ಸ್ ಬರಾಕತ್ತೈತಿ ಅನಿಸಿದ್ರ ಡಬ್ಬಿ ಮ್ಯಾಲ ಒಂದು ಸೆಕೆಂಡ್ ಸವರಿ ತಗದ್ರ ಜಾದಾ ಕರೆಂಟ್ ಹೊಡೀತೈತಿ. ನನಗ ಹೊಟ್ಟಿಯಾಗಿಂದ ಏನೋ ಮ್ಯಾಲ ಏರಿದಂಗ ಮೊದಲ ಗೊತ್ತಾಗತೈತಿ, ಹಿಂಗಾಗಿ ನಾನ ಮಾಡ್ಕೋತೇನಿ. ನಿಮ್ಮ ತಮ್ಮಗ ಗೊತ್ತಾಗೂದಿಲ್ಲಂದ್ರ ನೀವ್ ಮಾಡಬೇಕು, ಜೋಡಿ ಕೆಲಸ ಮಾಡೋರು ಮಾಡಬೇಕು, ಅವ್ರಿಗೆಲ್ಲಾ ಕಲಿಸಿಡ್ರಿ. ಇನ್ನೊಂದು, ಡಬ್ಬಿ ಮ್ಯಾಲ ಮ್ಯಾಗ್ನೆಟ್ ಹಂಗ ಹಿಡಿದಿಟ್ರ ಮಶೀನ್ ಬಂದ್, ತಗದ್ರ ಮತ್ತ ಚಾಲೂ. ಸಾಲಿಯಾಗ ನಾಡಗೀತೆ ಹೇಳೂ ಮುಂದ ನಾ ಹಂಗ ಹಿಡ್ಕೋತೇನಿ. ಒಂದು ಹಾಡು ಮುಗಿಯೂತನ ಅವನೂ ಹಿಡ್ಕೊಬಹುದು, ಆದ್ರ ಪೂರ್ತಿ ರಾತ್ರಿ ಕಾರ್ಯಕ್ರಮ ಬಂದ್ ಇಟ್ಕೊಂಡು ಹಾಡ್ತೇನಿ ಅಂದ್ರ ಡಾಕ್ಟರಿಗೆ ಕೇಳೇ ಮಾಡಬೇಕು. ಕಂಪನ, ಧ್ವನಿ ಭಾಳ ತ್ರಾಸ ಕೊಟ್ರ ಸೆಟ್ಟಿಂಗ್‌ನ್ಯಾಗ ಬದಲಿ ಮಾಡಾಕೂ ಬರತೈತಿ.

ಮೊಬೈಲ್, ಮಿಕ್ಸಿ, ಟಿವಿ ಏನೂ ಆಗೂದಿಲ್ಲ. ದೊಡ್ಡ ಸ್ಪೀಕರ್ ಹಿಂದ ಜೋರ ಮ್ಯಾಗ್ನೆಟ್ ಇರತಾವ ನೋಡ್ರಿ, ಅವನ್ನ ಎದಿಯಿಂದ ಒಂದು ಗೇಣು ದೂರ ಇಡಬೇಕು. ಆರ್ಕೆಸ್ಟ್ರಾದಾಗ ಸ್ಪೀಕರ್ ಬಾಕ್ಸ್ ಎತ್ತೂದು ಎದಿಗೆ ಅವಚ್ಕೊಂಡ ಅಲ್ಲೇನ್ರಿ, ಅದನ್ನ ಬ್ಯಾರೆದವ್ರಿಗೆ ಮಾಡಾಕ ಹೇಳ್ರಿ. ಫಿಸಿಯೋಥೆರಪಿಯವ್ರು ಶಾರ್ಟ್‌ವೇವ್ ಶಾಖಾ ಕೊಡ್ತೇನಿ ಅಂದ್ರ ಬ್ಯಾಡೇ ಬ್ಯಾಡ ಅನ್ರಿ, ವಾಯರ್ ಕಾಯ್ದು ನರ ಸುಟ್ಟೀತು. ಕಾರ್ಡ್ ಕೊಡ್ತಾರ, ಕಿಸೇದಾಗ ಇರಲಿ, ಏರ್‌ಪೋರ್ಟ್‌ದಾಗ ತೋರಸ್ರಿ. ಮಲಗಿದಾಗ ಗೊರಕಿ ಭಾಳ ಹೊಡೀತಾನೇನು? ಹೊಡೀತಿದ್ರ ಮೊದಲ ಹೇಳ್ರಿ, ನಿದ್ದಿಯಾಗ ಉಸಿರು ಕಟ್ಟೂ ತ್ರಾಸ ಇದ್ರಿಂದ ಹೆಚ್ಚಾಗೂದು ಐತಿ.

ಇಷ್ಟೆಲ್ಲಾ ಹೇಳಿದ್ದು ನಮ್ಮ ಮಶೀನ್ ಪರವಾಗಿ, ಆದ್ರ ಕುಡ್ಲದವರ ಮಾತು ಮೊದಲ ಕೇಳ್ರಿ. ನನಗ ವಿಡಿಯೋ ಇಇಜಿ ಮಾಡಿ, ಫಿಟ್ಸ್ ಬರೂ ಜಾಗ ಮಾತಿನ ಜಾಗದ ಮಗ್ಗಲಕ ಐತಿ, ತಗದ್ರ ಮಾತ ಹೋದೀತು ಅಂದಮ್ಯಾಲ ಇದಕ್ಕ ಬಂದಿದ್ದು.

ಕೋರ್ಟ್ ಹಾಲ್ 5
ಮದುವೆ ಬಗ್ಗೆ ಯಾರೂ ಉತ್ತರಿಸಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೊದಲು ಹುಚ್ಚಿನ ಪಕ್ಕದಲ್ಲೇ ಅಪಸ್ಮಾರವನ್ನೂ ಸೇರಿಸಿದ್ರು, ಪದೇಪದೇ ಬರೋರು ಮದುವೆಗೆ ಅನರ್ಹರು ಅನ್ನೋ ಹಾಗೆ. 1999ರ ತಿದ್ದುಪಡಿಯಲ್ಲಿ ಆ ಪದ ತೆಗೆದ್ರು, ವಿಶೇಷ ವಿವಾಹ ಕಾಯ್ದೆಯಿಂದಲೂ ತೆಗೆದ್ರು. ಸೋ ಕಾನೂನಿನ ಅಡ್ಡಿ ಇಲ್ಲ. ಆದ್ರೆ ಮುಚ್ಚಿಟ್ಟು ಮಾಡಿದ್ರೆ ಮೋಸ ಅಂತ ಕೇಸ್ ಹಾಕೋರು ಇದ್ದಾರೆ, ಹುಡುಗಿ ಕಡೆಯವರಿಗೆ ಮೊದಲೇ ಹೇಳಿ. ಡ್ರೈವಿಂಗ್ ಲೈಸೆನ್ಸ್ ಫಾರ್ಮ್ 1ರಲ್ಲಿ ಅಪಸ್ಮಾರ ಇದೆಯಾ ಅಂತ ನೇರ ಪ್ರಶ್ನೆ ಇದೆ, ಮೆಷಿನ್ ಹಾಕಿಸಿದ ಮಾತ್ರಕ್ಕೆ ಗಾಡಿ ಓಡಿಸಬಹುದು ಅಂತಲ್ಲ. ಹೆಲ್ತ್ ಇನ್ಶೂರೆನ್ಸಲ್ಲೂ ಅಷ್ಟೇ, ಪ್ರಪೋಸಲ್ ಫಾರ್ಮಲ್ಲಿ ಬರೀದಿದ್ರೆ ಕ್ಲೇಮ್ ಹೊತ್ತಿಗೆ ಕೈ ಎತ್ತುತ್ತಾರೆ. ಆಯುಷ್ಮಾನ್ ಕಾರ್ಡ್ ಇದ್ರೆ ಆಸ್ಪತ್ರೆಯ ಆರೋಗ್ಯಮಿತ್ರನ ಹತ್ರ ಅಡ್ಮಿಟ್ ಆಗೋ ಮೊದಲೇ ಹೋಗಿ, ಆಪರೇಷನ್ನಿಗೂ ಕೇಳಿ, ಮೆಷಿನ್ನಿಗೂ ಪ್ರತ್ಯೇಕವಾಗಿ ಕೇಳಿ.

ಎಲ್‌ಜಿಎಸ್ ಅಪ್ಪ, ಬೆಂಗಳೂರು
ಇನ್ನೊಂದು ಸೇರಿಸ್ತೀನಿ, ಹೆದರಿಸೋಕಲ್ಲ. ನಿದ್ದೇಲಿ ಇಡೀ ಮೈ ಜರ್ಕ್ ಹೊಡೆಯೋದು ಇದೆ ಅಂದ್ರಲ್ಲ, ರೂಮಲ್ಲಿ ಒಬ್ಬನೇ ಮಲಗೋಕೆ ಬಿಡಬೇಡಿ. ಫಿಟ್ಸ್ ಇರೋ ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಸಾವಿರಕ್ಕೆ ಒಬ್ರು ಹಠಾತ್ ಹೋಗಿಬಿಡ್ತಾರೆ, ರಾತ್ರಿ ದೊಡ್ಡ ಫಿಟ್ಸ್ ಬರೋರಿಗೆ ಅಪಾಯ ಜಾಸ್ತಿ. ಫಿಟ್ಸ್ ನಿಲ್ಲಿಸೋಕೆ ಮೂಗಿಗೆ ಹೊಡೆಯೋ ಮಿಡಾಜೋಲಮ್ ಸ್ಪ್ರೇ ಬರೆಸ್ಕೊಳ್ಳಿ, ತಲೆದಿಂಬಿನ ಪಕ್ಕ ಇರ್ಲಿ.

ಶಿವಮೊಗ್ಗ ಅಕ್ಕ
ಇದನ್ನ ಅಮ್ಮನಿಗೆ ಓದಿ ಹೇಳಿದೆ, ಇವತ್ತಿಂದ ಅವನ ರೂಮಲ್ಲೇ ಅಪ್ಪ ಮಲಗ್ತಾರೆ. ಮೆಷಿನ್ ಸದ್ಯಕ್ಕೆ ಬೇಡ ಅಂತ ಡಾಕ್ಟ್ರಿಗೆ ಹೇಳಿ ರೆಫರಲ್ ಲೆಟರ್ ಕೇಳಿದ್ವಿ, ಸ್ವಲ್ಪ ಮುಖ ಗಂಟಿಕ್ಕಿಕೊಂಡೇ ಬರೆದುಕೊಟ್ರು. ಬೆಂಗಳೂರಿಗೆ ಹೋಗ್ತೀವಿ. ಏನೇನು ತಗೊಂಡು ಹೋಗ್ಬೇಕು?

ಕುಡ್ಲದ ಇಇಜಿ
ಒಳ್ಳೇದಾಯ್ತು. ಫಿಟ್ಸ್ ಬಂದಾಗ ಮೊಬೈಲಲ್ಲಿ ವಿಡಿಯೋ ಮಾಡಿ, ಮುಖ ಮತ್ತು ಎರಡೂ ಕೈ ಕಾಣ್ಬೇಕು, ಕಂಬಳಿ ತೆಗೀರಿ, ಹೆಸರು ಕರೀರಿ, ಮುಗಿದ ಮೇಲೂ ಒಂದು ನಿಮಿಷ ಆಫ್ ಮಾಡ್ಬೇಡಿ. ಯಾವ ಕೈ ಆಟ ಆಡ್ತದೆ, ಯಾವುದು ಸೆಟೆದು ನಿಲ್ತದೆ, ಎಷ್ಟು ಹೊತ್ತಿಗೆ ಮಾತು ಬರ್ತದೆ, ಅದ್ರಿಂದ ಯಾವ ಕಡೆ ಅಂತ ಅಂದಾಜು ಸಿಗ್ತದೆ. ಹಳೇ ಎಂಆರ್‌ಐ ಫಿಲ್ಮ್ ಅಟ್ಟದಿಂದ ಇಳಿಸಿ. ಯಾವ ಮಾತ್ರೆ ಎಷ್ಟು ಡೋಸು ಎಷ್ಟು ದಿನ, ಯಾಕೆ ಬಿಟ್ಟದ್ದು, ಇದು ಒಂದು ಹಾಳೆಯಲ್ಲಿ. ವಿಡಿಯೋ ಇಇಜಿಗೆ ಅಡ್ಮಿಟ್ ಆದ್ರೆ ಅವ್ರೇ ಮಾತ್ರೆ ಕಡಿಮೆ ಮಾಡ್ತಾರೆ, ನೀವಾಗಿ ಮನೆಯಿಂದ ನಿಲ್ಸಿ ಬರುದು ಬೇಡ. ಹಿಂದಿನ ದಿನ ತಲೆಸ್ನಾನ ಮಾಡ್ಸಿ, ಎಣ್ಣೆ ಹಾಕ್ಬೇಡಿ, ಎಣ್ಣೆ ತಲೆಗೆ ಇಲೆಕ್ಟ್ರೋಡ್ ನಿಲ್ಲುದಿಲ್ಲ, ನಮಗೆ ಕಷ್ಟ 🙏

ಸಕ್ಕರೆನಾಡು
ತಣ್ಣೀರಲ್ಲಿ ಮಾಡ್ಸುದ್ರೂ ಆಯ್ತದಾ?

ಕುಡ್ಲದ ಇಇಜಿ
ಅವ್ರಿಗೆ ಬಿಸಿನೀರೂ ಆಗ್ತದೆ ಮಾರಾಯ್ರೆ, ತಣ್ಣೀರು ನಿಮಗೆ.